ಇಷ್ಟು ವರ್ಷ ಆದ್ರೂ ವಾಟರ್‌ಕಲರ್ ಬಿಡೋಕಾಗ್ತಿಲ್ಲ, ಇದು ಪ್ರೀತಿನಾ ಬರೀ ಅಭ್ಯಾಸಾನಾ?

ಪ್ರಶ್ನೆ: ಮೇಡಂ, ಕಾಲೇಜಲ್ಲಿದ್ದಾಗಿಂದ ವಾಟರ್‌ಕಲರ್ ಮಾಡ್ತಿದೀನಿ, ಈಗ ನಲವತ್ತು ದಾಟಿದೆ. ನನ್ ಜೊತೆ ಶುರು ಮಾಡಿದವರೆಲ್ಲ ಅಕ್ರಿಲಿಕ್, ಆಯಿಲ್, ಡಿಜಿಟಲ್ ಅಂತ ಹೋದ್ರು. ನಾನೂ ಟ್ರೈ ಮಾಡ್ದೆ, ಹಿಡಿಸ್ಲಿಲ್ಲ, ವಾಪಸ್ ಇಲ್ಲಿಗೇ ಬಂದೆ. ಆದ್ರೆ ಈಚೆಗೆ ಮಾಡಿದ್ದೆಲ್ಲ ಒಂದೇ ಥರ ಕಾಣತ್ತೆ. ಫೋಟೋ ನೋಡ್ಕೊಂಡು ಮಾಡ್ತೀನಿ, ಬಿಳಿ ಜಾಗಕ್ಕೆಲ್ಲ ಬಣ್ಣ ತಾಗದ ಹಾಗೆ ಮಾಸ್ಕಿಂಗ್ ಫ್ಲೂಯಿಡ್ (ಆಮೇಲೆ ಕಿತ್ತು ತೆಗೆಯೋ ಅಂಟು) ಹಾಕ್ತೀನಿ, ಡಬ್ಬೀಲಿ 36 ಬಣ್ಣ ಇವೆ, ಫಿನಿಶಿಂಗ್ ಚೆನ್ನಾಗೇ ಬರತ್ತೆ, ಆದ್ರೂ ಏನೋ ಸತ್ತಂಗಿರತ್ತೆ. ಮೊನ್ನೆ ಒಬ್ರು "ವಾಟರ್‌ಕಲರ್ ಕಲಿಯೋರಿಗೆ, ಅದೂ ಅಲ್ದೆ ಹತ್ತು ವರ್ಷಕ್ಕೆ ಮಾಸೋಗತ್ತೆ" ಅಂದ್ರು, ಅದು ತಲೇಲಿ ಕೂತ್ಬಿಟ್ಟಿದೆ. ನಾನು ಮಾಧ್ಯಮ ಬದಲಾಯಿಸ್ಬೇಕಾ?

ಉತ್ತರ: ಬೇಡ. ಮಾಧ್ಯಮ ಬದಲಾಯಿಸ್ಬೇಡಿ, ನೀವು ಕೆಲಸ ಮಾಡೋ ರೀತಿ ಬದಲಾಯಿಸಿ. ಬೇರೆ ಮಾಧ್ಯಮಗಳನ್ನ ಕೈಯಲ್ಲಿ ಹಿಡಿದು ನೋಡಿ ವಾಪಸ್ ಬಂದಿದೀರ ಅಂದ್ಮೇಲೆ ಇದು ಬರೀ ಅಭ್ಯಾಸ ಅಂತ ನನಗೆ ಅನ್ನಿಸಲ್ಲ. ಅಭ್ಯಾಸ ಆಗಿದ್ದಿದ್ರೆ "ಸತ್ತಂಗಿದೆ" ಅನ್ನೋದೇ ನಿಮಗೆ ಗೊತ್ತಾಗ್ತಿರ್ಲಿಲ್ಲ, ಖುಷಿಯಾಗಿ ಅದೇ ಚಿತ್ರವನ್ನ ಇನ್ನೂ ಇಪ್ಪತ್ತು ವರ್ಷ ಮಾಡ್ಕೊಂಡು ಇರ್ತಿದ್ರಿ, ಹಾಗೆ ಇರೋರು ತುಂಬಾ ಜನ ಇದಾರೆ.

ಮೊದ್ಲು ಆ "ಕಲಿಯೋರ ಮಾಧ್ಯಮ" ಅನ್ನೋದನ್ನ ಮುಗಿಸ್ಬಿಡೋಣ. ಈ ಮಾತು ಹೊಸದೇನಲ್ಲ. ಯುರೋಪಲ್ಲಿ ಬಹಳ ಕಾಲ ವಾಟರ್‌ಕಲರ್ ಅಂದ್ರೆ ಆಯಿಲ್ ಪೇಂಟಿಂಗ್‌ಗೆ ಮೊದ್ಲು ಮಾಡ್ಕೊಳ್ಳೋ ತಯಾರಿ, ಇಲ್ಲಾ ನಕ್ಷೆ ಬರೆಯೋರು ಬಣ್ಣ ತುಂಬೋ ಕೆಲಸ ಅಂತಲೇ ಲೆಕ್ಕ ಇತ್ತು. ಲಂಡನ್ನಿನ ಕಲಾವಿದರು 1804ರಲ್ಲಿ ವಾಟರ್‌ಕಲರ್‌ಗೇ ಅಂತ ಬೇರೆ ಸಂಘ ಕಟ್ಕೊಂಡಿದ್ದು, ರಾಯಲ್ ಅಕಾಡೆಮಿ ಪ್ರದರ್ಶನದಲ್ಲಿ ತಮ್ಮ ಕೆಲಸವನ್ನ ಮೂಲೆಗೆ ಹಾಕ್ತಾರೆ ಅನ್ನೋ ಸಿಟ್ಟಿಗೆ. ಇಂಗ್ಲಿಷ್ ಕಲಾವಿದ ಟರ್ನರ್ 1790ರಲ್ಲಿ, ಅಂದ್ರೆ 15ನೇ ವಯಸ್ಸಲ್ಲಿ, ಅದೇ ಅಕಾಡೆಮೀಲಿ ಮೊದಲ ಸಲ ತೋರಿಸಿದ್ದು ಒಂದು ವಾಟರ್‌ಕಲರ್. ಆಮೇಲೆ ಆಯಿಲ್‌ನಲ್ಲಿ ಅಷ್ಟು ದೊಡ್ಡ ಹೆಸರು ಮಾಡಿದ್ರೂ ಇದನ್ನ ಬಿಡ್ಲಿಲ್ಲ, 1842ರಲ್ಲಿ, ಅರವತ್ತೇಳರ ಹತ್ರ ಇದ್ದಾಗ, ಸ್ವಿಟ್ಜರ್ಲೆಂಡಿನ ಲೂಸರ್ನ್ ಸರೋವರದಾಚೆ ಕಾಣೋ ರಿಗಿ ಬೆಟ್ಟವನ್ನ ನೀಲಿ, ಕೆಂಪು, ಕಪ್ಪು ಅಂತ ಮೂರು ಹೊತ್ತಿನ ಬೆಳಕಲ್ಲಿ ಮಾಡಿದ್ದು ವಾಟರ್‌ಕಲರ್‌ನಲ್ಲೇ. ಕಲಿಯೋರ ಮಾಧ್ಯಮವನ್ನ ಯಾರೂ ಐವತ್ತು ವರ್ಷ ಕಲೀತಾ ಕೂರಲ್ಲ.

ಅಮೆರಿಕನ್ ಕಲಾವಿದ ಸಾರ್ಜೆಂಟ್ ಕಥೆ ನಿಮಗೆ ಇನ್ನೂ ಹತ್ರ ಅನ್ನಿಸ್ಬಹುದು. ಅವರು ಆ ಕಾಲದ ದೊಡ್ಡ ದೊಡ್ಡ ಶ್ರೀಮಂತರ ಪೋರ್ಟ್ರೇಟ್ ಮಾಡ್ತಿದ್ದವರು, 1907ರ ಹೊತ್ತಿಗೆ ಅದು ಸಾಕು ಅಂತ ಆರ್ಡರ್ ತಗೊಳ್ಳೋದನ್ನ ಹೆಚ್ಚುಕಮ್ಮಿ ನಿಲ್ಲಿಸೇಬಿಟ್ರು, ಬೇಸಿಗೇಲಿ ಊರೂರು ತಿರುಗ್ತಾ ಬಿಳಿ ಕಲ್ಲಿನ ಗೋಡೆ, ನೆರಳಲ್ಲಿ ಮಲಗಿರೋರು, ದೋಣಿ, ಹಳ್ಳದ ಕಲ್ಲು ಅಂತ ತಮಗಿಷ್ಟ ಬಂದಿದ್ದನ್ನ ವಾಟರ್‌ಕಲರ್‌ನಲ್ಲಿ ಮಾಡ್ಕೊಂಡಿದ್ರು. 1909ರಲ್ಲಿ ಅವುಗಳ ಪೈಕಿ 83ನ್ನ ಬ್ರೂಕ್ಲಿನ್ ಮ್ಯೂಸಿಯಂ ಒಂದೇ ಸಲ ಕೊಂಡ್ಕೊಳ್ತು. ಇನ್ನು ವಯಸ್ಸಿನ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದ್ರೂ ಪತ್ರದಲ್ಲಿ ಎಲ್ಲೋ ಅದೂ ಇದೆ ಅನ್ನಿಸ್ತು. ಅಮೆರಿಕದ ಇನ್ನೊಬ್ಬ ಕಲಾವಿದ ವಿನ್ಸ್ಲೋ ಹೋಮರ್ ವಾಟರ್‌ಕಲರನ್ನ ಗಂಭೀರವಾಗಿ ತಗೊಂಡಿದ್ದೇ 1873ರಲ್ಲಿ, ಆಗ ಅವರಿಗೆ ಮೂವತ್ತೇಳು. ಅವರ ಅತಿ ಒಳ್ಳೆ ಹಾಳೆಗಳೆಲ್ಲ ಆಮೇಲಿನವು.

ಸರಿ, ಈಗ ಅಸಲಿ ವಿಷಯ. ಈ ಪ್ರೀತಿ ಯಾಕೆ ಹೋಗಲ್ಲ?

ಜನ ಸಾಮಾನ್ಯವಾಗಿ ಹೇಳೋದು ಪಾರದರ್ಶಕತೆ, ತಾಜಾತನ, ನೀರಿನ ಹರಿವು ಅಂತೆಲ್ಲ. ಸುಳ್ಳಲ್ಲ, ಆದ್ರೆ ಚೆಂದ ಇದೆ ಅನ್ನೋದು ಎರಡ್ಮೂರು ವರ್ಷದ ಪ್ರೀತಿಗೆ ಸಾಕು, ಇಪ್ಪತ್ತು ವರ್ಷಕ್ಕೆ ಸಾಲಲ್ಲ. ನನ್ನ ಪ್ರಕಾರ ನಿಜವಾದ ಕಾರಣ ಟೈಮಿಂಗ್. ವಾಟರ್‌ಕಲರ್‌ನಲ್ಲಿ ಪೇಪರ್ ಒಣಗೋ ಆ ಕೆಲವೇ ನಿಮಿಷದೊಳಗೆ ಚಿತ್ರ ತೀರ್ಮಾನ ಆಗ್ಬಿಡತ್ತೆ, ಅದೇ ಬಣ್ಣ ಅದೇ ಬ್ರಷ್ ಅದೇ ಕೈ, ಒಂದು ನಿಮಿಷ ಮೊದಲು ಇಟ್ರೆ ಒಂದು ಫಲಿತಾಂಶ, ಒಂದು ನಿಮಿಷ ತಡವಾಗಿ ಇಟ್ರೆ ಪೂರ್ತಿ ಬೇರೆ. ಆಯಿಲ್‌ಗೆ ಈ ಅವಸರ ಇಲ್ಲ, ಅದು ಗಟ್ಟಿಯಾಗೋದೇ ದಿನಗಟ್ಲೆ, ದಪ್ಪ ಇದ್ರೆ ವಾರಗಟ್ಲೆ, ಬೇಡ ಅನ್ಸಿದ್ರೆ ಕೆರೆದು ತೆಗೀಬಹುದು. ಅಕ್ರಿಲಿಕ್ ಬೇಗ ಒಣಗತ್ತೆ ನಿಜ, ಆದ್ರೆ ಒಣಗಿದ್ಮೇಲೆ ಅದು ಪ್ಲಾಸ್ಟಿಕ್ಕಿನ ಪದರ, ಮೇಲೆ ಬಿಳಿ ಬಳಿದು ಮತ್ತೆ ಶುರು ಮಾಡ್ಬಹುದು. ನಮ್ಮಲ್ಲಿ ಅಳಿಸೋಕೂ ಮುಚ್ಚೋಕೂ ಅಷ್ಟು ಸುಲಭ ಇಲ್ಲ, ಹಾಗಾಗಿ ನೋಡ್ತಾ ಇರ್ಬೇಕು, ಚಿತ್ರವನ್ನಲ್ಲ, ಪೇಪರ್ ಮೇಲಿನ ಹೊಳಪನ್ನ. ಈ ನೋಡೋ ಕೆಲಸ ಎಂದಿಗೂ ಮುಗಿಯಲ್ಲ, ಯಾಕಂದ್ರೆ ಅವತ್ತಿನ ಗಾಳಿ, ತೇವ, ಪೇಪರ್, ಬ್ರಷ್ ಹೊತ್ತಿರೋ ನೀರು ಯಾವ್ದೂ ನಿನ್ನೆಯದಲ್ಲ. ಇಷ್ಟು ವರ್ಷ ಮಾಡಿದೋರನ್ನೂ ಇವತ್ತಿನ ಹಾಳೆ ಹೊಸಬರ ಥರಾನೇ ಕೂರಿಸ್ಕೊಳ್ಳತ್ತೆ. ಅದಕ್ಕೇ ಬೋರ್ ಆಗಲ್ಲ.

ಈಗ ನಿಮ್ಮ ಕೆಲಸಕ್ಕೆ ಬರೋಣ. ನೀವು ಬರೆದಿರೋದನ್ನ ಮತ್ತೆ ಓದ್ಕೊಳ್ಳಿ: ಫೋಟೋ, ಮಾಸ್ಕಿಂಗ್ ಫ್ಲೂಯಿಡ್, 36 ಬಣ್ಣ, ಒಳ್ಳೆ ಫಿನಿಶಿಂಗ್. ಈ ನಾಲ್ಕರಲ್ಲಿ ಮೂರು ಸಲಕರಣೆ ಟೈಮಿಂಗನ್ನ ಬೈಪಾಸ್ ಮಾಡೋಕೆ ಇರೋವು. ಫೋಟೋ ಇದ್ರೆ ಬೆಳಕು ಓಡಲ್ಲ, ಅವಸರ ಇಲ್ಲ. ಮಾಸ್ಕಿಂಗ್ ಇದ್ರೆ ಬಿಳಿಯ ಸುತ್ತ ಎಚ್ಚರದಿಂದ ಬ್ರಷ್ ಆಡಿಸ್ಬೇಕಿಲ್ಲ. 36 ಬಣ್ಣ ಇದ್ರೆ ಪೇಪರ್ ಮೇಲೆ ಒಂದಕ್ಕೊಂದು ಬೆರೆಯೋ ಹೊತ್ತನ್ನ ಕಾಯ್ಬೇಕಿಲ್ಲ, ರೆಡಿಮೇಡ್ ಹಸಿರು ತಗೊಂಡು ಹಚ್ಚಿದ್ರಾಯ್ತು. ಅಂದ್ರೆ ನಿಮಗೆ ಈ ಮಾಧ್ಯಮದಲ್ಲಿ ಯಾವುದು ಇಷ್ಟವೋ ಅದನ್ನೇ ವರ್ಷಗಳಿಂದ ಒಂದೊಂದಾಗಿ ಆಚೆ ಹಾಕ್ತಾ ಬಂದಿದೀರ, ಪಾಪ ಗೊತ್ತಿಲ್ದೆ, ಎಲ್ಲಾ ಚೆನ್ನಾಗಿ ಬರ್ಲಿ ಅನ್ನೋ ಆಸೆಗೆ. ಸತ್ತಂಗೆ ಕಾಣ್ದೆ ಇನ್ನೇನಾಗತ್ತೆ ಹೇಳಿ.

ಪೇಪರ್ ಮೇಲೆ ಏನಾಗತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮಗೆ ಕೈಗೆ ಗೊತ್ತಿರೋದೇ, ಆದ್ರೆ ತಲೆಗೂ ಗೊತ್ತಿದ್ರೆ ಧೈರ್ಯ ಬರತ್ತೆ. ಬಣ್ಣದಲ್ಲಿ ಇರೋದು ಪಿಗ್ಮೆಂಟ್, ಅಂದ್ರೆ ಬಣ್ಣ ಕೊಡೋ ಪುಡಿ, ಮತ್ತೆ ಅದನ್ನ ಹಿಡಿದಿಡೋ ಗಮ್ ಅರೇಬಿಕ್, ಅಂದ್ರೆ ಅಕೇಶಿಯಾ ಜಾತಿ ಮರದ ಅಂಟು, ಜೊತೆಗೆ ಒಣಗಿ ಬಿರುಕು ಬಿಡದ ಹಾಗೆ ಒಂಚೂರು ಜೇನೋ ಗ್ಲಿಸರಿನ್ನೋ. ನೀರು ಬರೀ ಸಾಗಿಸೋ ಗಾಡಿ, ಹೊತ್ಕೊಂಡು ಬಂದು ಇಳಿಸಿ ಆವಿಯಾಗಿ ಹೋಗ್ಬಿಡತ್ತೆ. ಉಳಿಯೋ ಪದರ ಎಷ್ಟು ತೆಳು ಅಂದ್ರೆ ಬೆಳಕು ಅದನ್ನ ದಾಟಿ ಪೇಪರಿಗೆ ಬಡಿದು ವಾಪಸ್ ಬರತ್ತೆ, ನಮ್ಮ ಚಿತ್ರದ ಬೆಳಕು ಪೇಪರ್‌ದು. ಒದ್ದೆ ಇದ್ದಾಗ ಪೇಪರ್ ನಾರು ಮತ್ತೆ ಪಿಗ್ಮೆಂಟ್ ಕಣಗಳ ಸಂದೀಲಿ ನೀರು ತುಂಬಿರತ್ತೆ, ಬೆಳಕು ಕಮ್ಮಿ ಚದುರತ್ತೆ, ಅದಕ್ಕೆ ಗಾಢ ಕಾಣತ್ತೆ. ಒಣಗಿದ್ಮೇಲೆ ಆ ಸಂದಿಗೆ ಗಾಳಿ ಬಂತು, ಚದುರೋದು ಜಾಸ್ತಿ ಆಯ್ತು, ಬಣ್ಣ ಪೇಲವ. "ಹಚ್ಚಿದಾಗ ಚೆನ್ನಾಗಿತ್ತು, ಬೆಳಿಗ್ಗೆ ನೋಡಿದ್ರೆ ಜೀವಾನೇ ಇಲ್ಲ" ಅಂತ ಎಲ್ಲರೂ ಗೋಳಾಡೋದು ಇದಕ್ಕೇನೇ. ಹಾಗಾಗಿ ಒದ್ದೆ ಇರೋವಾಗ ಸರಿ ಅನ್ನಿಸಿದ್ರೆ ಅದು ಸರಿ ಇಲ್ಲ ಅಂತಲೇ ಅರ್ಥ, ಸ್ವಲ್ಪ ಅತಿಯಾಯ್ತು ಅನ್ನಿಸೋವರೆಗೂ ಹೋಗಿ.

ಹೊಳಪಿನ ವಿಷಯ ಹೇಳ್ದೆ ಅಲ್ವಾ. ವಾಶ್, ಅಂದ್ರೆ ನೀರಾಗಿ ಕಲಸಿದ ಬಣ್ಣದ ತೆಳು ಪದರ, ಹಾಕಿದ ತಕ್ಷಣ ಪೇಪರನ್ನ ಓರೆ ಮಾಡಿ ನೋಡಿದ್ರೆ ಕನ್ನಡಿ ಥರ ಮಿಂಚತ್ತೆ, ಆಗ ಏನು ಇಟ್ರೂ ಹರಡಿ ಗುರುತೇ ಸಿಗಲ್ಲ. ಸ್ವಲ್ಪ ಹೊತ್ತಿಗೆ ಆ ಮಿಂಚು ಇಳಿದು ಮೆತ್ತಗಿನ ಹೊಳಪಾಗತ್ತೆ, ಬಂಗಾರದ ಟೈಮ್ ಅದೇ, ಗಟ್ಟಿ ಬಣ್ಣ ಕಮ್ಮಿ ನೀರು ಇರೋ ಬ್ರಷ್ ಇಟ್ರೆ ಆಕಾರ ನಿಲ್ಲತ್ತೆ, ಅಂಚು ಮಾತ್ರ ಮೆದು ಆಗತ್ತೆ, ದೂರದ ಮರಗಳು, ಮೋಡದ ತಳ, ಕೆನ್ನೆಯ ತಿರುವು ಎಲ್ಲಾ ಇಲ್ಲೇ ಹುಟ್ಟೋದು. ಆಮೇಲೆ ಹೊಳಪು ಹೋಗಿ ಮಂಕಾಗಿ ಕಾಣತ್ತಲ್ಲ, ಒಣಗಿದೆ ಅಂತ ಮೋಸ ಹೋಗೋದು ಅಲ್ಲೇ, ಒಳಗಿನ್ನೂ ತೇವ ಇರತ್ತೆ, ಅಂಗೈ ಹಿಂಭಾಗ ಹತ್ರ ತಂದು ಮೆಲ್ಲಗೆ ಮುಟ್ಟಿದ್ರೆ ತಣ್ಣಗಿರತ್ತೆ. ಆ ಹೊತ್ತಲ್ಲಿ ದಯವಿಟ್ಟು ಕೈ ಕಟ್ಕೊಂಡು ಕೂತ್ಕೊಳ್ಳಿ. ಆಗ ಹೆಚ್ಚು ನೀರಿರೋ ಬ್ರಷ್ ತಾಗಿದ್ರೆ ಆ ನೀರು ಒಣ ಕಡೆಗೆ ನುಗ್ಗಿ ಪಿಗ್ಮೆಂಟನ್ನ ತಳ್ಕೊಂಡು ಹೋಗಿ ಅಂಚಲ್ಲಿ ಗುಡ್ಡೆ ಹಾಕತ್ತೆ, ಹೂಕೋಸು ಕತ್ತರಿಸಿಟ್ಟಂಗೆ ಒಂದು ಗುರುತು, ಅದು ಹೋಗಲ್ಲ. ಪೇಪರ್ ಮೇಲೆ ಎಷ್ಟು ನೀರಿದೆಯೋ ಅದಕ್ಕಿಂತ ಕಮ್ಮಿ ನೀರು ಬ್ರಷ್‌ನಲ್ಲಿರ್ಬೇಕು, ಇದೊಂದು ಕೈಗೆ ಬಂದ್ರೆ ಅರ್ಧ ವಾಟರ್‌ಕಲರ್ ಬಂದಂಗೆ. ಇನ್ನರ್ಧ ಸಾಯೋವರೆಗೂ ಬರ್ತಾ ಇರತ್ತೆ ಬಿಡಿ.

ಒಣ ಪೇಪರ್ ಮೇಲೆ ಹಾಕಿದ ವಾಶ್‌ಗೆ ಸುತ್ತ ಗಾಢ ಗೆರೆ ಬರೋದು ನೋಡಿರ್ತೀರ. ಹನಿಯ ಅಂಚು ಮೊದ್ಲು ಒಣಗತ್ತೆ, ಆ ಖಾಲಿ ತುಂಬೋಕೆ ಮಧ್ಯದಿಂದ ನೀರು ಹರೀತದೆ, ಪಿಗ್ಮೆಂಟನ್ನೂ ಎಳ್ಕೊಂಡು ಹೋಗತ್ತೆ. ಭೌತವಿಜ್ಞಾನಿಗಳು ಇದನ್ನ 1997ರಲ್ಲಿ ಕಾಫಿ ಕಲೆ ಇಟ್ಕೊಂಡು ವಿವರಿಸಿದ್ರು, ಚಿತ್ರ ಬರೆಯೋರು ಅದಕ್ಕೂ ಶತಮಾನಗಳ ಮೊದ್ಲೇ ಎಲೆಯ ಅಂಚಿಗೂ ಗೋಡೆಯ ಅಂಚಿಗೂ ಬಳಸ್ತಾ ಇದ್ರು.

ಇನ್ನೊಂದು ಕಾರಣಾನೂ ಇದೆ ಈ ಪ್ರೀತಿಗೆ, ಟೈಮಿಂಗಿನ ಮಗು ಅನ್ಬಹುದು. ಮಾಡಿದ್ದೆಲ್ಲ ಹಾಗೇ ಉಳಿಯತ್ತೆ, ಯಾವುದು ಮೊದ್ಲು ಹಾಕಿದ್ದು ಯಾವುದು ಆಮೇಲೆ ಅಂತ ಕಣ್ಣಿಗೆ ಕಾಣತ್ತೆ. ಕಾಟ್ಮನ್ ಅನ್ನೋ ಇಂಗ್ಲಿಷ್ ಕಲಾವಿದ 1805ರ ಸುಮಾರಿಗೆ, ಇನ್ನೂ ಇಪ್ಪತ್ಮೂರರ ಹುಡುಗ, ಗ್ರೀಟಾ ಸೇತುವೆಯ ಚಿತ್ರ ಮಾಡಿದ್ದಾನೆ, ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಳ್ಳೆ ರೆಸಲ್ಯೂಶನ್ ಇರೋ ಇಮೇಜ್ ಹುಡುಕಿ ಜೂಮ್ ಮಾಡಿ ನೋಡಿ. ಚಪ್ಪಟೆ ಚಪ್ಪಟೆ ವಾಶ್‌ಗಳು, ಒಂದರ ಪಕ್ಕ ಒಂದು, ಮೇಲೊಂದು, ಎಲ್ಲೂ ಉಜ್ಜಾಟ ಇಲ್ಲ, ಬಂಡೆ ಅಂದ್ರೆ ಮೂರೋ ನಾಲ್ಕೋ ಆಕಾರ ಅಷ್ಟೇ. ಎಲ್ಲಿ ಕಾದಿದ್ದಾನೆ, ಎಲ್ಲಿ ಬಿಟ್ಟಿದ್ದಾನೆ ಅಂತ ಇನ್ನೂರು ವರ್ಷ ಆದ್ಮೇಲೂ ಓದ್ಬಹುದು. ನಾನು ಕ್ಲಾಸಲ್ಲಿ ವಾಶ್ ಕಲಿಸೋವಾಗ ಮೊದ್ಲು ತೋರಿಸೋದು ಇದನ್ನೇ, ಟರ್ನರನ್ನ ಅಲ್ಲ, ಟರ್ನರ್ ಮಾಡಿದ್ದು ಹೇಗೆ ಅಂತ ಬಿಡಿಸ್ಕೊಳ್ಳೋದು ಕಷ್ಟ, ಉಜ್ಜಿ, ತೊಳೆದು, ಕೆರೆದು ಎಲ್ಲಾ ಮಾಡಿರ್ತಾರೆ ಆ ಮನುಷ್ಯ.

ಹಾಗಾದ್ರೆ ನೀವು ಏನು ಮಾಡ್ಬೇಕು.

ಬಣ್ಣ ಕಮ್ಮಿ ಮಾಡಿ. 36ರಲ್ಲಿ ಆರು ಇಟ್ಕೊಂಡು ಉಳಿದಿದ್ದನ್ನ ಕಣ್ಣಿಗೆ ಕಾಣದ ಕಡೆ ಇಡಿ, ಬಿಸಾಕ್ಬೇಡಿ. ಟ್ಯೂಬಿನ ಮೇಲಿನ ಚೆಂದದ ಹೆಸರು ನೋಡ್ಬೇಡಿ, ಸಣ್ಣಕ್ಷರದಲ್ಲಿ ಪಿಗ್ಮೆಂಟ್ ನಂಬರ್ ಇರತ್ತೆ, ಅದು ನೋಡಿ. ನಾನು ಆರಿಸೋದಾದ್ರೆ ಹಳದಿಗೆ ಪಿವೈ 154 (ಪಿವೈ ಅಂದ್ರೆ ಪಿಗ್ಮೆಂಟ್ ಯೆಲ್ಲೋ, ಉಳಿದವೂ ಹೀಗೇ), ಯೆಲ್ಲೋ ಓಕರ್ ಅಂದ್ರೆ ಪಿವೈ 43, ಕೆಂಪು ಗುಲಾಬಿಗೆ ಕ್ವಿನಾಕ್ರಿಡೋನ್ ಪಿವಿ 19, ಅಲ್ಟ್ರಾಮರೀನ್ ಪಿಬಿ 29, ಥಾಲೋ ನೀಲಿ ಪಿಬಿ 15, ಮತ್ತೆ ಬರ್ನ್ಟ್ ಸಿಯೆನ್ನಾ, ಅದು ಪಿಬಿಆರ್ 7 ಇದ್ರೆ ಒಳ್ಳೇದು. ಎರಡು ನೀಲಿ ಯಾಕೆ ಅಂತೀರ, ಅವೆರಡರ ಸ್ವಭಾವ ಪೂರ್ತಿ ಉಲ್ಟಾ. ಅಲ್ಟ್ರಾಮರೀನ್ ಕಣಗಳು ನೀರಲ್ಲಿ ಒಂದಕ್ಕೊಂದು ಅಂಟ್ಕೊಂಡು ಪೇಪರಿನ ಗುಳಿಗಳಲ್ಲಿ ಇಳಿದು ಕೂರತ್ವೆ, ಹರಳು ಹರಳಾಗಿ ಕಾಣತ್ತೆ, ಒದ್ದೆ ಬ್ರಷ್‌ನಿಂದ ಒರೆಸಿದ್ರೆ ಸುಮಾರು ಎದ್ದೂ ಬರತ್ತೆ. ಥಾಲೋ 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಬಣ್ಣ, ಕಣ ಅತಿ ಸಣ್ಣ, ನಾರಿನೊಳಗೆ ಹೊಕ್ಕಿದ್ರೆ ಮುಗೀತು, ಬಿಡಲ್ಲ, ಒಂದು ಚೂರು ಜಾಸ್ತಿ ಆದ್ರೂ ಇಡೀ ಪ್ಯಾಲೆಟ್ಟನ್ನೇ ನುಂಗಿಹಾಕತ್ತೆ. ಅಲ್ಟ್ರಾಮರೀನನ್ನ ಬರ್ನ್ಟ್ ಸಿಯೆನ್ನಾ ಜೊತೆ ಪ್ಯಾಲೆಟ್‌ನಲ್ಲಿ ಪೂರ್ತಿ ಕಲಸ್ದೆ ಪೇಪರ್ ಮೇಲೇ ಒದ್ದೇಲಿ ಭೇಟಿ ಮಾಡಿಸಿ ನೋಡಿ. ಬೂದು ಬರತ್ತೆ, ಆದ್ರೆ ಹತ್ರದಿಂದ ನೋಡಿದ್ರೆ ನೀಲಿ ಒಂದ್ಕಡೆ ಕಂದು ಒಂದ್ಕಡೆ ಬೇರೆ ಬೇರೆ ಕೂತಿರತ್ತೆ, ಯಾವ ಟ್ಯೂಬ್ ಬೂದಿನಲ್ಲೂ ಆ ಜೀವ ಇರಲ್ಲ. ನಿಮ್ಮ ಚಿತ್ರಗಳಲ್ಲಿ ನೆರಳಿಗೆ ಪೇನ್ಸ್ ಗ್ರೇ ಅನ್ನೋ ರೆಡಿಮೇಡ್ ನೀಲಿ ಬೂದು ಹಾಕ್ತಿದೀರ ಅಂತ ನನಗೊಂದು ಗುಮಾನಿ, ಹೌದಾದ್ರೆ ಅದನ್ನ ಮೊದ್ಲು ಎತ್ತಿಡಿ.

ಪೇಪರ್ ಬಗ್ಗೆ ಜಿಪುಣತನ ಬೇಡ. ಬಣ್ಣದಲ್ಲಿ ಬೇಕಾದ್ರೆ ಉಳಿಸಿ, ಬ್ರಷ್ ಎರಡೇ ಸಾಕು, ಪೇಪರ್ ಮಾತ್ರ ನೂರಕ್ಕೆ ನೂರು ಕಾಟನ್, 300 ಜಿಎಸ್ಎಂ ದಪ್ಪದ್ದು, ಕೋಲ್ಡ್ ಪ್ರೆಸ್, ಅಂದ್ರೆ ಮೈ ಸ್ವಲ್ಪ ತರಿತರಿ ಇರೋದು. ಮರದ ತಿರುಳಿನ ಪೇಪರ್ ಮೇಲೆ ನಾನು ಹೇಳಿದ ಆ ಬಂಗಾರದ ಟೈಮ್ ಬಂದಿದ್ದೂ ಗೊತ್ತಾಗಲ್ಲ ಹೋಗಿದ್ದೂ ಗೊತ್ತಾಗಲ್ಲ, ಕಾಟನ್ ನೀರನ್ನ ಒಳಗೆ ಹಿಡಿದಿಟ್ಕೊಂಡು ನಿಧಾನಕ್ಕೆ ಬಿಡತ್ತೆ, ನಿಮಗೆ ಯೋಚನೆ ಮಾಡೋಕೆ ಟೈಮ್ ಕೊಡತ್ತೆ. ಅದರ ಮೈಗೆ ಸೈಜಿಂಗ್ ಅಂತ ಜೆಲಟಿನ್ ಅಥವಾ ಬೇರೆ ಅಂಟಿನ ಲೇಪ ಇರತ್ತೆ, ಬಣ್ಣ ಒಳಗೆ ಇಂಗದೆ ಮೇಲೆ ನಿಲ್ಲೋದು ಅದರಿಂದ. ತೇವದ ಜಾಗದಲ್ಲಿ ವರ್ಷಗಟ್ಲೆ ಇಟ್ಟ ಪೇಪರ್‌ನಲ್ಲಿ ಈ ಲೇಪ ಹಾಳಾಗಿ ಬಣ್ಣ ಚುಕ್ಕೆ ಚುಕ್ಕೆಯಾಗಿ ಹೀರ್ಕೊಳ್ಳತ್ತೆ, ಹಳೇ ಸ್ಟಾಕ್ ಇದ್ರೆ ಮೂಲೇಲಿ ಒಂದು ಗೆರೆ ಎಳೆದು ಟೆಸ್ಟ್ ಮಾಡ್ಕೊಳ್ಳಿ.

ಮಾಸ್ಕಿಂಗ್ ಫ್ಲೂಯಿಡ್ ಬಗ್ಗೆ ನನಗೆ ಪೂರ್ವಾಗ್ರಹ ಇದೆ, ಒಪ್ಕೊಂಡೇ ಹೇಳ್ತೀನಿ. ಅದನ್ನ ಕಿತ್ತ ಮೇಲೆ ಉಳಿಯೋ ಬಿಳಿ ಎಲ್ಲಾ ಕಡೆ ಒಂದೇ ಥರ ಕಚಕ್ ಅಂತ ಕತ್ತರಿಸಿದಂಗಿರತ್ತೆ, ಸುತ್ತಲಿನ ಬಣ್ಣಕ್ಕೂ ಅದಕ್ಕೂ ಮಾತೇ ಇರಲ್ಲ. ತೆಳು ಕಂಬಿ, ಹುಲ್ಲಿನ ಎಸಳು ಅಂತ ತೀರಾ ಬೇಕಾದ ಕಡೆ ಹಾಕಿ, ತಪ್ಪಿಲ್ಲ. ಉಳಿದ ಕಡೆ ಬ್ರಷ್‌ನಿಂದಲೇ ಸುತ್ತಿಕೊಂಡು ಹೋಗಿ ಬಿಳಿ ಬಿಡಿ, ವಂಕ ಆಗತ್ತೆ, ಆಗ್ಲಿ. ಉಪ್ಪು ಎರಚೋದು, ಪ್ಲಾಸ್ಟಿಕ್ ಒತ್ತೋದು ಇವೆಲ್ಲ ಒಂದು ಮಧ್ಯಾಹ್ನದ ಆಟ, ಅಷ್ಟಕ್ಕೇ ಸಾಕು. ಹಾಗಂತ ಬಿಳಿ ಬಣ್ಣ ಮುಟ್ಟಿದ್ರೆ ಮೈಲಿಗೆ ಅನ್ನೋರ ಮಾತೂ ಕೇಳ್ಬೇಡಿ. ವಿನ್ಸರ್ ಅಂಡ್ ನ್ಯೂಟನ್ ಅನ್ನೋ ಬಣ್ಣದ ಕಂಪನಿ 1834ರಲ್ಲಿ ಚೈನೀಸ್ ವೈಟ್ ಅನ್ನೋ ಜಿಂಕ್ ಬಿಳಿ ತಂದಾಗಿಂದ ಆ ಜಗಳ ಜೋರಾಯ್ತು, ಇವತ್ತಿಗೂ ಮುಗಿದಿಲ್ಲ, ಆದ್ರೆ ಅದಕ್ಕೂ ಮೂರು ಶತಮಾನ ಹಿಂದೆ, 1502ರಲ್ಲಿ, ಜರ್ಮನ್ ಕಲಾವಿದ ಡ್ಯೂರರ್ ಮಾಡಿದ ಆ ಫೇಮಸ್ ಮೊಲ ಇದೆಯಲ್ಲ, ಅದರ ಕೂದಲಲ್ಲಿ ಅಪಾರದರ್ಶಕ ಬಿಳಿ ಧಾರಾಳವಾಗಿ ಇದೆ. ಯಾರಾದ್ರೂ ಅದನ್ನ ಅಶುದ್ಧ ಅಂತಾರಾ?

ಫೋಟೋ ಬಿಟ್ಟು ಎದುರಿಗಿರೋದನ್ನ ನೋಡಿ ಮಾಡಿ. ಹೊರಗೆ ಹೋಗ್ಲೇಬೇಕಂತಿಲ್ಲ, ಕಿಟಕಿ ಸಾಕು, ಮೇಜಿನ ಮೇಲಿನ ಲೋಟ ಸಾಕು. ಒಂದೇ ವಿಷಯ ತಗೊಂಡು ತಿಂಗಳುಗಟ್ಲೆ ಅದನ್ನೇ ಮಾಡಿ ಅಂದ್ರೆ ನೀವು "ಆಗ್ಲೇ ಒಂದೇ ಥರ ಕಾಣ್ತಿದೆ ಅಂತ ನಾನು ಅಳ್ತಿದ್ರೆ ಇವರು ಇನ್ನೂ ಅದನ್ನೇ ಮಾಡು ಅಂತಾರಲ್ಲ" ಅಂತ ಬೈಕೋಬಹುದು. ಆದ್ರೆ ಈಗ ನಿಮ್ಮ ವಿಷಯ ಬೇರೆ ಬೇರೆ, ಮಾಡೋ ಕ್ರಮ ಒಂದೇ. ವಿಷಯ ಒಂದೇ ಇದ್ರೆ ಕ್ರಮ ಬದಲಾಗ್ಲೇಬೇಕು, ಇಲ್ದಿದ್ರೆ ನಿಮಗೇ ತಡ್ಕೊಳ್ಳೋಕಾಗಲ್ಲ. ಫ್ರೆಂಚ್ ಕಲಾವಿದ ಸೆಜಾನ್ ಕೊನೆಗಾಲದಲ್ಲಿ, 1906ರಲ್ಲಿ ತೀರ್ಕೊಳ್ಳೋವರೆಗೂ, ತನ್ನ ಸ್ಟುಡಿಯೋ ಹತ್ರದಿಂದ ಕಾಣ್ತಿದ್ದ ಸೇಂಟ್ ವಿಕ್ಟೋರ್ ಬೆಟ್ಟವನ್ನ ಆಯಿಲ್‌ನಲ್ಲೂ ವಾಟರ್‌ಕಲರ್‌ನಲ್ಲೂ ಮಾಡ್ತಾನೇ ಇದ್ರು. ಆ ವಾಟರ್‌ಕಲರ್‌ಗಳಲ್ಲಿ ಒಂದು ತುಂಡು ಬಣ್ಣ, ಅದು ಒಣಗಿದ್ಮೇಲೆ ಅಂಚು ಅತಿಕ್ರಮಿಸಿ ಇನ್ನೊಂದು, ಹಾಗೇ ಸಾಕಷ್ಟು ಪೇಪರ್ ಖಾಲಿ. ಅರ್ಧಕ್ಕೆ ಬಿಟ್ಟಂಗೆ ಕಾಣತ್ತೆ ಮೊದ್ಲು ನೋಡಿದಾಗ, ಆದ್ರೆ ಇನ್ನೊಂದು ಸ್ಟ್ರೋಕ್ ಎಲ್ಲಿಡ್ತೀರ ಅಂತ ಕೇಳಿದ್ರೆ ಜಾಗ ಸಿಗಲ್ಲ. ಅಂದ್ರೆ ಎಲ್ಲರೂ ಟರ್ನರ್ ಥರ ಒದ್ದೇಲೇ ಕೆಲಸ ಮಾಡ್ಬೇಕು ಅಂತೇನಿಲ್ಲ, ಸೆಜಾನ್ ಥರ ಪ್ರತಿ ಪದರಕ್ಕೂ ಕಾಯೋದೂ ಟೈಮಿಂಗೇ. ಫಿನಿಶಿಂಗ್ ಚೆನ್ನಾಗಿ ಬರತ್ತೆ ಅಂದ್ರಲ್ಲ, ಅಲ್ಲಿ ನನಗೆ ಸ್ವಲ್ಪ ಭಯ. ನಿಮ್ಮ ಒಂದೊಂದು ಚಿತ್ರವೂ ಮುಗಿಯೋಕೆ ಅರ್ಧ ಗಂಟೆ ಮೊದ್ಲೇ ಮುಗಿದಿತ್ತೇನೋ. ಮಧ್ಯೆ ಮಧ್ಯೆ ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ, ಆಮೇಲೆ ಹೋಲಿಸಿ ನೋಡಿದ್ರೆ ಎಲ್ಲಿ ನಿಲ್ಲಿಸ್ಬೇಕಿತ್ತು ಅಂತ ಗೊತ್ತಾಗತ್ತೆ.

ಬೇರೆ ಮಾಧ್ಯಮ ಮುಟ್ಟಲೇಬಾರದು ಅಂತ ನಾನು ಹೇಳ್ತಿಲ್ಲ. ಗುವಾಶ್, ಅಂದ್ರೆ ಕೆಳಗಿನ ಬಣ್ಣ ಮುಚ್ಚೋ ಅಪಾರದರ್ಶಕ ನೀರಿನ ಬಣ್ಣ, ಆಡಿ, ಅದೂ ಅದೇ ಗಮ್ ಅರೇಬಿಕ್ ಕುಟುಂಬ, ಗಾಢದಿಂದ ತಿಳಿ ಕಡೆ ಬರೋ ಅಭ್ಯಾಸ ಆಗತ್ತೆ, ವಾಟರ್‌ಕಲರ್‌ಗೆ ವಾಪಸ್ ಬಂದಾಗ ಆಕಾರಗಳನ್ನ ದೊಡ್ಡದಾಗಿ ನೋಡೋದು ಸುಲಭ ಆಗತ್ತೆ.

ಕೊನೇದಾಗಿ ಮಾಸೋ ವಿಷಯ. ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಸ್ವಲ್ಪ ಉದ್ದ ಹೇಳ್ಬೇಕು. ಹೋಮರ್ 1887ರಲ್ಲಿ ಮಾಡಿದ ಒಂದು ವಾಟರ್‌ಕಲರ್ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ, ಹೊಲದಲ್ಲಿ ನಿಂತ ಹುಡುಗ, ಹಿಂದೆ ಬೋಳು ಬಿಳಿ ಆಕಾಶ. ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ರೆ ಅದು ಬಿಳಿ ಅಲ್ವಂತೆ, ಕೆಂಪು ಕಿತ್ತಳೆ ಸಂಜೆ ಆಕಾಶ, ಬಣ್ಣ ಹೋಗಿದೆ ಅಷ್ಟೇ. ಆಯಿಲ್‌ನಲ್ಲೂ ಇಂಥ ಪಿಗ್ಮೆಂಟ್ ಮಾಸತ್ತೆ, ಆದ್ರೆ ನಮ್ಮ ಪದರ ತೆಳು, ಮೇಲೆ ವಾರ್ನಿಶ್ ಇಲ್ಲ, ಹಾಗಾಗಿ ಬೇಗ ಕಾಣತ್ತೆ. ತಪ್ಪು ಪಿಗ್ಮೆಂಟಿಂದು, ಜೊತೆಗೆ ಬೆಳಕಿಂದು. 1888ರಲ್ಲೇ ಬ್ರಿಟನ್ನಿನಲ್ಲಿ ರಸೆಲ್ ಮತ್ತೆ ಆಬ್ನಿ ಅನ್ನೋ ಇಬ್ರು ವಿಜ್ಞಾನಿಗಳು ಸರ್ಕಾರಕ್ಕೆ ವರದಿ ಕೊಟ್ಟು ಯಾವ ವಾಟರ್‌ಕಲರ್ ಬೆಳಕಿಗೆ ಮಾಸತ್ತೆ ಯಾವುದು ನಿಲ್ಲತ್ತೆ ಅಂತ ಪ್ರಯೋಗ ಮಾಡಿ ತೋರಿಸಿದ್ರು, ತೇವ ಮತ್ತೆ ಆಕ್ಸಿಜನ್ ಇಲ್ದಿದ್ರೆ ಮಾಸೋದು ಎಷ್ಟೋ ಕಮ್ಮಿ ಅನ್ನೋದೂ ಅದರಲ್ಲೇ ಇದೆ.

ಇದಕ್ಕೆ ಉಲ್ಟಾ ಉದಾಹರಣೆ ಬೇಕಂದ್ರೆ ಎಡಿನ್‌ಬರೋದಲ್ಲಿದೆ. ಹೆನ್ರಿ ವಾನ್ ಅನ್ನೋ ಸಂಗ್ರಾಹಕರು ತಮ್ಮ ಹತ್ರ ಇದ್ದ ಟರ್ನರ್ ವಾಟರ್‌ಕಲರ್‌ಗಳಲ್ಲಿ 38ನ್ನ ಅಲ್ಲಿನ ನ್ಯಾಷನಲ್ ಗ್ಯಾಲರಿಗೆ ಉಯಿಲು ಬರೆದು ಕೊಟ್ರು, 1900ರಲ್ಲಿ ಅವು ಅಲ್ಲಿಗೆ ಬಂದ್ವು. ಷರತ್ತು ಏನಂದ್ರೆ ವರ್ಷಕ್ಕೆ ಒಂದೇ ಸಲ, ಬೆಳಕು ಅತಿ ಮಂದ ಇರೋ ಜನವರೀಲಿ, ಜನರಿಗೆ ಪುಕ್ಕಟೆ ತೋರಿಸ್ಬೇಕು, ಉಳಿದ ಹನ್ನೊಂದು ತಿಂಗಳು ಕತ್ತಲಲ್ಲಿ. ಇವತ್ತಿಗೂ ಪ್ರತಿ ಜನವರಿ ಜನ ಅದನ್ನ ನೋಡೋಕೆ ಹೋಗ್ತಾರೆ, ಬಣ್ಣ ಹಾಗೇ ಇದೆ. ಹತ್ತು ವರ್ಷಕ್ಕೆ ಮಾಸತ್ತೆ ಅಂದವರಿಗೆ ಇದನ್ನ ಹೇಳಿ. ಮ್ಯೂಸಿಯಂಗಳು ಸಾಮಾನ್ಯವಾಗಿ ವಾಟರ್‌ಕಲರನ್ನ 50 ಲಕ್ಸ್ (ಬೆಳಕಿನ ಅಳತೆ) ಸುಮಾರು, ಅಂದ್ರೆ ಮಂದ ಬೆಳಕಲ್ಲಿ ಇಡ್ತಾರೆ, ಮನೇಲಿ ಅಷ್ಟೆಲ್ಲ ಆಗಲ್ಲ, ನೇರ ಬಿಸಿಲು ಬೀಳದ ಗೋಡೆ ಆರಿಸಿ ಯುವಿ ತಡೆಯೋ ಗ್ಲಾಸ್ ಹಾಕ್ಸಿದ್ರೆ ಸಾಕು, ಚಿತ್ರ ಗಾಜಿಗೆ ತಾಗದ ಹಾಗೆ ಮಧ್ಯೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಇರ್ಲಿ.

ಡಬ್ಬೀಲಿ ಅಲಿಜರಿನ್ ಕ್ರಿಮ್ಸನ್ ಇದ್ದು ನಂಬರ್ ಪಿಆರ್ 83 ಅಂತಿದ್ರೆ ಮಾರೋ ಚಿತ್ರಕ್ಕೆ ಬಳಸ್ಬೇಡಿ, ತೆಳು ವಾಶ್‌ನಲ್ಲಿ ಅದು ನಿಜಕ್ಕೂ ನಿಲ್ಲಲ್ಲ, ಪಿವಿ 19 ಆ ಕೆಲಸ ಮಾಡತ್ತೆ. ಔರಿಯೋಲಿನ್, ಪಿವೈ 40, ಅದೂ ಕಂದು ತಿರುಗೋ ಗಿರಾಕಿ. ಒಪೇರಾ ಪಿಂಕ್ ಥರದ ಕಣ್ಣು ಕುಕ್ಕೋ ಗುಲಾಬಿಗಳಲ್ಲಿ ಫ್ಲೋರೊಸೆಂಟ್ ಡೈ ಇರತ್ತೆ, ಬಿಸಿಲಿಗೆ ಅದೇ ಮೊದ್ಲು ಓಡಿಹೋಗೋದು. ನನ್ನ ಮಾತನ್ನೂ ಕಂಪನಿ ಚಾರ್ಟನ್ನೂ ಸುಮ್ನೆ ನಂಬ್ಬೇಡಿ, ನಿಮ್ಮ 36 ಬಣ್ಣವನ್ನೂ ಒಂದೇ ಪೇಪರ್ ಮೇಲೆ ಸಣ್ಣ ಪಟ್ಟಿ ಪಟ್ಟಿಯಾಗಿ ಹಚ್ಚಿ, ಪಕ್ಕ ಪಿಗ್ಮೆಂಟ್ ನಂಬರ್ ಬರೆದು, ಪಟ್ಟಿಯ ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ ಬಿಸಿಲು ಬರೋ ಕಿಟಕಿಗೆ ಅಂಟಿಸ್ಬಿಡಿ. ಮೂರ್ನಾಲ್ಕು ತಿಂಗಳಾದ್ಮೇಲೆ ರಟ್ಟು ತೆಗೆದು ಎರಡೂ ಭಾಗ ಹೋಲಿಸಿ, ಯಾವ್ಯಾವುದು ವ್ಯತ್ಯಾಸ ತೋರಿಸತ್ತೋ ಆ ಟ್ಯೂಬುಗಳನ್ನ ಸ್ಕೆಚ್‌ಬುಕ್ಕಿಗೆ ಮಾತ್ರ ಇಟ್ಕೊಳ್ಳಿ.